ನಾಲೆಯ ಏರಿ, ಗರಸಿನ ದಾರಿ: ಮನೆಮಂದಿಗೊಂದು ಸೈಕಲ್ ಪಾಠ



ಒಂದು ಭಾನುವಾರ ಬಲಿಪೂಜೆ ಮುಗಿದು ಜನರು ಚದುರುತ್ತಿದ್ದಾಗ, ನಮ್ಮ ಧರ್ಮಕೇಂದ್ರದ ತಂದೆಯೊಬ್ಬರು ಮಗನ ಕೈಹಿಡಿದು ನನ್ನ ಬಳಿ ಬಂದರು. ಹುಡುಗ ಏಳನೆಯ ತರಗತಿಯವನು. "ಫಾದರ್, ಇವನಿಗೆ ಸೈಕಲ್ ಕೊಡಿಸಿದ್ದೀನಿ. ಎಲ್ಲಿ ಓಡಿಸಲಿ ಅಂತ ನೀವೇ ಹೇಳಿ. ದೊಡ್ಡ ರಸ್ತೆಗೆ ಬಿಡೋಕೆ ನನಗೆ ಭಯ. ನಾಲೆ ಏರಿ ಮೇಲೆ ಹೋಗೋಕೆ ಇವರಮ್ಮ ಬಿಡಲ್ಲ. ಸೈಕಲ್ ಹಜಾರದಲ್ಲೇ ನಿಂತಿದೆ" ಎಂದರು. ಹುಡುಗ ತಲೆ ತಗ್ಗಿಸಿಕೊಂಡು ನಿಂತಿದ್ದ.

ತಂದೆಯ ಭಯವೂ ಸರಿ, ತಾಯಿಯ ಭಯವೂ ಸರಿ. ಬೆಂಗಳೂರು–ಮೈಸೂರು ನಡುವಿನ ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ನಡುಭಾಗದ ವೇಗದ ರಸ್ತೆಯಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರಾಕ್ಟರುಗಳನ್ನು ನಿಷೇಧಿಸಲಾಯಿತು. ಎತ್ತಿನಗಾಡಿ, ಸೈಕಲ್ಲುಗಳಿಗೂ ಅಲ್ಲಿ ಜಾಗವಿಲ್ಲ. ಇನ್ನು ನಾಲೆಯ ವಿಷಯ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಪ್ರಾಣ ಕಳೆದುಕೊಂಡರು. ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳೂ ಅವರಲ್ಲಿದ್ದರು. ಆ ದಿನವನ್ನು ಈ ಸೀಮೆಯ ಯಾವ ತಾಯಿಯೂ ಮರೆಯಲಾರಳು.

ಹಾಗಾದರೆ ಸೈಕಲ್ಲು ಹಜಾರದಲ್ಲೇ ತುಕ್ಕು ಹಿಡಿಯಬೇಕೆ? ಬೇಡ. ದೊಡ್ಡ ರಸ್ತೆಗೂ ನೀರಿನ ಅಂಚಿಗೂ ನಡುವೆ ಎಷ್ಟೋ ದಾರಿಗಳಿವೆ. ಅವುಗಳನ್ನು ಆರಿಸಿಕೊಳ್ಳಲು ಕಲಿಯಬೇಕು, ಅಷ್ಟೆ. ಈ ವಾರದ ಪಾಠ ಅದೇ.

1. ದ್ರಾಕ್ಷಿಯ ನಾಡಿನಲ್ಲಿ ನಡೆದದ್ದು

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ಗುಡ್ಡದ ಇಳಿಜಾರುಗಳ ತುಂಬ ದ್ರಾಕ್ಷಿತೋಟ, ನಡುನಡುವೆ ಓಲಿವ್ ಮರಗಳ ತೋಪು. ತೋಟದಿಂದ ತೋಟಕ್ಕೆ ಬಿಳಿಯ ಗರಸಿನ ದಾರಿಗಳು. ರೈತರು ಬಂಡಿ ಹೊಡೆಯಲು ಮಾಡಿಕೊಂಡ ದಾರಿಗಳವು. ಕಾಲ ಬದಲಾದಂತೆ ಒಂದೊಂದಕ್ಕೂ ಡಾಂಬರು ಬಿತ್ತು. ಹೀಗೇ ಬಿಟ್ಟರೆ ಎಲ್ಲವೂ ಮಾಯವಾಗುತ್ತವೆ ಎಂದು ಚಿಂತಿಸಿದ ಕೆಲವರು 1997ರಲ್ಲಿ ಗಾಯೋಲೆ ಎಂಬ ಸಣ್ಣ ಊರಿನಲ್ಲಿ ಹಳೆಯ ಸೈಕಲ್ಲುಗಳ ಸವಾರಿಯೊಂದನ್ನು ಏರ್ಪಡಿಸಿದರು. ಅದರ ಹೆಸರು ಎರೋಯಿಕಾ. ನೂರಕ್ಕೂ ಕಡಿಮೆ ಜನರಿಂದ ಆರಂಭವಾದ ಸವಾರಿಗೆ ಈಗ ಹೊರದೇಶಗಳಿಂದಲೂ ಸಾವಿರಾರು ಜನ ಬರುತ್ತಾರೆ. ದಾರಿಗೆ ಬೆಲೆ ಬಂತು, ದಾರಿ ಉಳಿಯಿತು. ಜನ ಓಡಾಡುವ ದಾರಿ ಬದುಕುತ್ತದೆ, ಓಡಾಡದ ದಾರಿಯನ್ನು ಮುಳ್ಳು ತಿನ್ನುತ್ತದೆ. ಇದು ನಮ್ಮ ಹಳ್ಳಿಯವರಿಗೂ ಗೊತ್ತಿರುವ ಮಾತು.

ಅದೇ ನಾಡಿನ ಇನ್ನೊಂದು ಕಥೆ ಮಕ್ಕಳಿಗೆ ಹೇಳಲೇಬೇಕಾದದ್ದು. ಜಿನೊ ಬಾರ್ತಾಲಿ ಫ್ಲಾರೆನ್ಸ್ ಹತ್ತಿರದ ಊರಿನವನು, ಭಕ್ತ ಕಥೋಲಿಕ. 1938ರಲ್ಲಿ ಫ್ರಾನ್ಸಿನ ಮಹಾ ಸೈಕಲ್ ಸ್ಪರ್ಧೆಯನ್ನು ಗೆದ್ದ ವೀರ. ಎರಡನೆಯ ಮಹಾಯುದ್ಧದಲ್ಲಿ, 1943ರಿಂದ 44ರವರೆಗೆ, ಜರ್ಮನ್ ಸೈನಿಕರು ಯೆಹೂದ್ಯರನ್ನು ಹುಡುಕಿ ಹಿಡಿಯುತ್ತಿದ್ದಾಗ, ಫ್ಲಾರೆನ್ಸಿನ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ದಲ್ಲಾ ಕೋಸ್ತಾ ಅವರ ಕೋರಿಕೆಯಂತೆ ಈತ ಸುಳ್ಳು ಗುರುತುಪತ್ರಗಳನ್ನು ಸೈಕಲ್ಲಿನ ಕೊಳವೆಯೊಳಗೆ ಅಡಗಿಸಿ ಫ್ಲಾರೆನ್ಸಿನಿಂದ ಅಸ್ಸಿಸಿವರೆಗೆ ತುಳಿದುಕೊಂಡು ಹೋಗುತ್ತಿದ್ದ. ನೋಡಿದವರು ಅಭ್ಯಾಸ ಮಾಡುತ್ತಿದ್ದಾನೆ ಎಂದುಕೊಂಡರು. ಆ ಪತ್ರಗಳಿಂದ ಎಷ್ಟೋ ಕುಟುಂಬಗಳು ಬದುಕಿಕೊಂಡವು. 1948ರಲ್ಲಿ ಅದೇ ಸ್ಪರ್ಧೆಯನ್ನು ಮತ್ತೆ ಗೆದ್ದ ಬಾರ್ತಾಲಿ 2000ದಲ್ಲಿ ತೀರಿಕೊಂಡ. ಈ ಕೆಲಸವನ್ನು ಬದುಕಿದ್ದಷ್ಟು ದಿನ ಡಂಗುರ ಹೊಡೆದುಕೊಳ್ಳಲಿಲ್ಲ. 2013ರಲ್ಲಿ ಯೆರೂಸಲೇಮಿನ ಯಾದ್ ವಶೇಮ್ ಸ್ಮಾರಕ ಸಂಸ್ಥೆ ಅವನನ್ನು ನೀತಿವಂತರ ಪಟ್ಟಿಗೆ ಸೇರಿಸಿತು.

ಸೈಕಲ್ಲು ಬಡವರ ವಾಹನವೆಂದು ಹೀಗಳೆಯುವವರು ಇದನ್ನು ನೆನೆಯಲಿ. ಸೈಕಲ್ ಸವಾರರಿಗೊಬ್ಬ ಪಾಲಕಿಯೂ ಇದ್ದಾಳೆ. ಉತ್ತರ ಇಟಲಿಯ ಬೆಟ್ಟದ ಮೇಲಿನ ಗಿಸಾಲ್ಲೊ ಮಾತೆಯನ್ನು 1949ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ಸವಾರರ ಪಾಲಕಿಯೆಂದು ಸಾರಿದರು.

2. ನಮ್ಮಲ್ಲಿ ದ್ರಾಕ್ಷಿ ಇಲ್ಲ, ದಾರಿ ಇದೆ

ಶುಭಸಂದೇಶ ಓದುವಾಗ ನಮ್ಮ ಮಕ್ಕಳು ದ್ರಾಕ್ಷಿತೋಟ, ಓಲಿವ್ ಗುಡ್ಡ ಎಂಬ ಮಾತುಗಳನ್ನು ಕೇಳುತ್ತಾರೆ. ಕಣ್ಣಿಗೆ ಕಂಡವರು ಕಡಿಮೆ. ದ್ರಾಕ್ಷಿ ನೋಡಬೇಕಾದರೆ ಚಿಕ್ಕಬಳ್ಳಾಪುರಕ್ಕೋ ವಿಜಯಪುರಕ್ಕೋ ಹೋಗಬೇಕು. ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಇರುವುದು ಕಬ್ಬು, ಭತ್ತ, ತೆಂಗು, ರಾಗಿ, ಹಿಪ್ಪುನೇರಳೆ. ಅದರಿಂದ ಕೊರತೆಯೇನೂ ಇಲ್ಲ. ಗೆತ್ಸೆಮನಿ ಎಂದರೆ ಎಣ್ಣೆಯ ಗಾಣ ಎಂದು ಅರ್ಥ. ಓಲಿವ್ ಕಾಯಿಯನ್ನು ಹಿಂಡುವ ಗಾಣ ಕಾಣದ ಮಗುವಿಗೆ ಕಬ್ಬು ಅರೆಯುವ ಆಲೆಮನೆ ಕಂಡಿರುತ್ತದೆ. ಗಾಣಕ್ಕೆ ಸಿಕ್ಕ ಕಬ್ಬು ಜಲ್ಲೆ ಸಿಪ್ಪೆಯಾಗಿ ಹೊರಬರುವುದನ್ನು ನೋಡಿದವನಿಗೆ, ಯೇಸುಸ್ವಾಮಿ ಅಂದಿನ ರಾತ್ರಿ ಆ ಹೆಸರಿನ ತೋಟದಲ್ಲಿ ಪಟ್ಟ ಸಂಕಟವನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದಾರಿಗಳನ್ನು ಮಾಡಿದ್ದು ಹೆಚ್ಚಾಗಿ ನೀರು. ಕಾವೇರಿಗೆ ಕಟ್ಟೆ ಕಟ್ಟಿ ನಾಲೆ ತೆಗೆಯುವುದು ಈ ಸೀಮೆಯ ಹಳೆಯ ವಿದ್ಯೆ. ನದಿಯ ಬಲಗಡೆ ವಿರಿಜಾ ನಾಲೆ, ಎಡಗಡೆ ಚಿಕ್ಕದೇವರಾಯ ಸಾಗರ ನಾಲೆ, ದ್ವೀಪಕ್ಕೆ ನೀರು ಕೊಡಲು ಬಂಗಾರದೊಡ್ಡಿ ನಾಲೆ. ಇವೆಲ್ಲ ಅರಸರ ಕಾಲದವು. ಆಮೇಲೆ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಿ 1930ರ ದಶಕದ ಮೊದಲಲ್ಲಿ ಮುಗಿಯಿತು. ಅಲ್ಲಿಂದ ಹೊರಟ ಇರ್ವಿನ್ ನಾಲೆಯೇ ಇಂದಿನ ವಿಶ್ವೇಶ್ವರಯ್ಯ ನಾಲೆ. ಅದರಿಂದ ರಾಗಿಯ ಹೊಲಗಳು ಕಬ್ಬಿನ ಗದ್ದೆಗಳಾದವು. ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಗೆ ಹೇಮಾವತಿಯ ನಾಲೆಗಳು ಬಂದವು.

ನಾಲೆಯಿದ್ದಲ್ಲಿ ಏರಿ ಇರುತ್ತದೆ. ತೂಬು ಎತ್ತುವವರು, ಹೂಳು ತೆಗೆಯುವವರು ಓಡಾಡಲು ಮಾಡಿದ ದಾರಿ ಅದು. ಏರಿಯಿಂದ ಗದ್ದೆಗೆ ಬಂಡಿದಾರಿ, ಗದ್ದೆಯಿಂದ ಊರಿಗೆ ಗರಸಿನ ರಸ್ತೆ. ಜಲ್ಲಿಯಷ್ಟು ದಪ್ಪವಲ್ಲದ, ಮರಳಿನಷ್ಟು ಸಣ್ಣದಲ್ಲದ ಈ ಗರಸಿನ ಮೇಲೆ ಚಕ್ರ ಸಣ್ಣಗೆ ಚರಪರ ಎನ್ನುತ್ತದೆ. ಬೇರೆ ಸದ್ದಿಲ್ಲ. ಗಂಟೆಗೊಂದು ಟ್ರಾಕ್ಟರು, ಎರಡು ಎತ್ತಿನಗಾಡಿ, ಮೇಕೆ ಹಿಂಡು, ಅಷ್ಟೆ.

3. ನಾಲ್ಕು ತಾಲ್ಲೂಕು, ನಾಲ್ಕು ದಾರಿ

ಶ್ರೀರಂಗಪಟ್ಟಣ: ಮೊದಲ ಪಾಠಕ್ಕೆ ದ್ವೀಪಕ್ಕಿಂತ ಒಳ್ಳೆಯ ಜಾಗವಿಲ್ಲ. ನೆಲ ಸಮತಟ್ಟು, ಉದ್ದ ಸುಮಾರು 5 ಕಿಲೋಮೀಟರು. ಕೋಟೆಯ ಕಡೆಯಿಂದ ಹೊರಟು ಹಳೆಯ ಬೆಂಗಳೂರು–ಮೈಸೂರು ರಸ್ತೆಯನ್ನು ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು ದಾಟಿ. ಮುಂದೆ 1784ರ ದರಿಯಾ ದೌಲತ್, ಗಂಜಾಂ, ಗುಂಬಜ್, ಕಾವೇರಿಯ ಎರಡು ಕವಲು ಕೂಡುವ ಸಂಗಮ. ಮುಖ್ಯರಸ್ತೆಗೆ ಅಂಟಿಕೊಳ್ಳದೆ ತೋಟಗಳ ನಡುವಿನ ಓಣಿಗಳಲ್ಲಿ ಹೋಗಿ. ಗಂಜಾಂ ಒಂದು ಕಾಲಕ್ಕೆ ಅಂಜೂರದ ತೋಟಗಳಿಗೆ ಹೆಸರಾಗಿತ್ತು. ಆ ಊರಿನ ಹೆಸರಿನ ಅಂಜೂರ ತಳಿಯೇ ಇದೆ. ದ್ರಾಕ್ಷಿ ಇಲ್ಲದಿದ್ದರೇನು, ನತಾನಯೇಲನು ಕುಳಿತಿದ್ದ ಮರದ ಜಾತಿ ನಮ್ಮ ನೆಲದಲ್ಲೂ ಬೇರು ಬಿಟ್ಟಿತ್ತು.

ಗಂಜಾಂನಲ್ಲಿರುವ ನಮ್ಮ ಹಳೆಯ ದೇವಾಲಯವನ್ನು ಜನ ಇಂದಿಗೂ ಅಬ್ಬೆ ದ್ಯುಬುವಾ ಅವರ ಹೆಸರಿನಿಂದ ಗುರುತಿಸುತ್ತಾರೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದ ಈ ಫ್ರೆಂಚ್ ಗುರು ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಿದರು. ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡು ಬಾಳಿದರು. 1803–04ರಲ್ಲಿ ಮೈಸೂರು ಸೀಮೆಯಲ್ಲಿ ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಊರೂರು ಸುತ್ತಿದರು. ಅವರ ಕಾಲಕ್ಕೆ ಸೈಕಲ್ಲು ಇನ್ನೂ ಹುಟ್ಟಿರಲಿಲ್ಲ.

ದ್ವೀಪ ಅಭ್ಯಾಸವಾದ ಮೇಲೆ ಬಲದಂಡೆಗೆ ಹೋಗಬಹುದು. ರಂಗನತಿಟ್ಟು, ಪಾಲಹಳ್ಳಿ, ಬೆಳಗೊಳ, ಹೀಗೆ ಕನ್ನಂಬಾಡಿಯವರೆಗೆ ಗದ್ದೆಬಯಲು. ರಂಗನತಿಟ್ಟು 1940ರಲ್ಲಿ, ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಮಾತಿನಿಂದ, ಪಕ್ಷಿಧಾಮವಾಯಿತು. 2022ರಲ್ಲಿ ಅದಕ್ಕೆ ರಾಮ್ಸಾರ್ ಮನ್ನಣೆ ಸಿಕ್ಕಿತು. ಬಣ್ಣದ ಕೊಕ್ಕರೆಗಳನ್ನು ದಡದಿಂದಲೇ ನೋಡಿ, ನೀರಿಗೆ ಕಾಲು ಇಡಬೇಡಿ. ಈ ಹೊಳೆಯಲ್ಲಿ ಮೊಸಳೆಗಳಿವೆ.

ಪಾಂಡವಪುರ: ಹಿಂದೆ ಇದರ ಹೆಸರು ಹಿರೋಡೆ. ಹೈದರ್, ಟಿಪ್ಪುವಿನ ಸೈನ್ಯದಲ್ಲಿದ್ದ ಫ್ರೆಂಚರು ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಫ್ರೆಂಚ್ ರಾಕ್ಸ್ ಎಂದರು. ದ್ರಾಕ್ಷಿಯ ನಾಡಿನ ಮಕ್ಕಳು ಬಂದು ಈ ಬಂಡೆಗಳ ನೆರಳಲ್ಲಿ ಬದುಕಿದರು. ಇಲ್ಲಿಂದ ಕುಂತಿಬೆಟ್ಟವನ್ನು ನೋಡಿಕೊಂಡು ತೊಣ್ಣೂರು ಕೆರೆಗೆ ಹೋಗುವುದು ನಡುವಯಸ್ಸಿನವರಿಗೂ ಆಗುವ ಸವಾರಿ. ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೋಗುವ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ, ವಾಹನ ಹೆಚ್ಚು. ಅದನ್ನು ಬಿಟ್ಟು ಊರಿಂದ ಊರಿಗೆ ಕೇಳಿಕೊಂಡು ಒಳದಾರಿಯಲ್ಲಿ ಹೋಗಿ. ತೊಣ್ಣೂರಿನಲ್ಲಿ ಶ್ರೀ ರಾಮಾನುಜಾಚಾರ್ಯರು ತಂಗಿದ್ದರೆಂಬ ನೆನಪು ಇಂದಿಗೂ ಹಸಿರಾಗಿದೆ. ಕೆರೆಯ ನೀರು ತಿಳಿಯಾಗಿ ಕಾಣುತ್ತದೆ. ತಿಳಿಯಾಗಿ ಕಂಡ ಮಾತ್ರಕ್ಕೆ ಆಳವಿಲ್ಲವೆಂದು ತಿಳಿಯಬೇಡಿ. ಈಜಲು ಇಳಿಯುವುದು ಬೇಡ. ಮುಂದಕ್ಕೆ ಮೇಲುಕೋಟೆ ಏರು ದಾರಿ. ಬಲವಿದ್ದವರಿಗೆ ಮಾತ್ರ.

ಕೃಷ್ಣರಾಜಪೇಟೆ: ಪಟ್ಟಣದ ಪಕ್ಕದಲ್ಲೇ ಹೊಸಹೊಳಲು. 13ನೇ ಶತಮಾನದ ಹೊಯ್ಸಳ ಗುಡಿಯ ಗೋಡೆಗಳ ಮೇಲೆ ಕಲ್ಲು ಕೆತ್ತಿದವನ ತಾಳ್ಮೆ ನೋಡಬೇಕು. ಉತ್ತರಕ್ಕೆ ಕಿಕ್ಕೇರಿ, ಕವಿ ಕೆ. ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ ಊರು. ಅಲ್ಲಿಯ ಬ್ರಹ್ಮೇಶ್ವರ ಗುಡಿ 1171ರದು. ಅಲ್ಲಿಂದ ಒಳದಾರಿಯಲ್ಲಿ ಗೋವಿಂದನಹಳ್ಳಿಯ ಪಂಚಲಿಂಗೇಶ್ವರಕ್ಕೆ ಹೋದರೆ ತೆಂಗಿನ ತೋಟ, ಕೆರೆ ಏರಿ, ರಾಗಿ ಹೊಲ ಒಂದಾದ ಮೇಲೊಂದು ಬರುತ್ತವೆ. ಬೇರೆ ಧರ್ಮದವರ ಗುಡಿಗಳಿಗೆ ಹೋಗುವಾಗ ಹೊರಗೆ ಚಪ್ಪಲಿ ಬಿಡಿ, ಒಳಗೆ ಗಲಾಟೆ ಬಿಡಿ. ನಮ್ಮ ದೇವಾಲಯಕ್ಕೆ ಬಂದವರಿಂದ ನಾವು ಬಯಸುವ ಮರ್ಯಾದೆಯನ್ನೇ ಅಲ್ಲಿ ನಾವು ಕೊಡಬೇಕು.

ನಾಗಮಂಗಲ: ಇದು ಒಣ ಸೀಮೆ. ನಿಜವಾದ ಗರಸಿನ ದಾರಿ ಬೇಕೆನ್ನುವವರು ಇಲ್ಲಿಗೇ ಬರಬೇಕು. ಕೆಂಪು ನೆಲ, ಹುರುಳಿ, ರಾಗಿ, ದೂರಕ್ಕೊಂದು ಹುಣಸೆಮರ. ತಾಲ್ಲೂಕಿನ ಉತ್ತರಕ್ಕಿರುವ ಕಂಬದಹಳ್ಳಿಯಲ್ಲಿ ಸಾವಿರ ವರ್ಷದಷ್ಟು ಹಳೆಯ ಜೈನ ಬಸದಿಗಳಿವೆ. ಊರಿಗೆ ಹೆಸರು ಕೊಟ್ಟ ಕಲ್ಲುಕಂಬ ಇನ್ನೂ ನಿಂತಿದೆ. ಇಲ್ಲಿ ನೀರಿಗೆ ಬೀಳುವ ಭಯ ಕಡಿಮೆ. ನೀರು ಸಿಗದಿರುವ ಭಯ ಹೆಚ್ಚು. ತಲೆಗೆರಡು ಲೀಟರ್ ನೀರಿಲ್ಲದೆ ಹೊರಡಬೇಡಿ.

ಎಲ್ಲಿಗೇ ಹೋದರೂ ಮಳೆಗಾಲ ಕಳೆದ ಮೇಲೆ, ಕಾರ್ತಿಕದಿಂದ ಶಿವರಾತ್ರಿಯವರೆಗೆ ಒಳ್ಳೆಯ ಕಾಲ. ಬೆಳಗಿನ ಆರಕ್ಕೆ ಹೊರಟು ಹತ್ತರೊಳಗೆ ನೆರಳು ಸೇರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಹೋದಷ್ಟೇ ದೂರ ಮರಳಿ ಬರಬೇಕು ಎಂಬುದನ್ನು ಮಕ್ಕಳು ಮರೆಯುತ್ತಾರೆ, ದೊಡ್ಡವರು ಮರೆಯಬಾರದು.

4. ನಾನು ತಪ್ಪಿದ ದಿನ

ಇಷ್ಟು ಬರೆದ ಮೇಲೆ ನನ್ನದೇ ಒಂದು ತಪ್ಪನ್ನು ಹೇಳದಿದ್ದರೆ ಈ ಪಾಠ ಪೂರ್ತಿಯಾಗದು.

ಕೆಲವು ವರ್ಷಗಳ ಹಿಂದೆ ಹನ್ನೊಂದು ಮಕ್ಕಳನ್ನು ಕರೆದುಕೊಂಡು ಒಂದು ನಾಲೆಯ ಏರಿಯ ಮೇಲೆ ಹೊರಟೆ. ನವೆಂಬರ್ ತಿಂಗಳು, ನಾಲೆ ತುಂಬಿ ಹರಿಯುತ್ತಿತ್ತು. ಹಿಂದಿನ ರಾತ್ರಿ ಮಳೆ ಬಂದಿತ್ತು. ನಾನು ಮುಂದೆ, ಮಕ್ಕಳು ಹಿಂದೆ. ಹಾಡು ಹೇಳುತ್ತಿದ್ದೆವು. ಎಲ್ಲರಿಗಿಂತ ಹಿಂದಿದ್ದ ಹುಡುಗನ ಚಕ್ರ ಕಪ್ಪು ಜೇಡಿಮಣ್ಣಿನಲ್ಲಿ ಜಾರಿತು. ಸೈಕಲ್ಲು ನೀರಿಗೆ ಹೋಯಿತು. ಹುಡುಗ ದಡದ ಹುಲ್ಲು ಹಿಡಿದುಕೊಂಡು ಸೊಂಟದವರೆಗೆ ನೀರಿನಲ್ಲಿ ನೇತಾಡುತ್ತಿದ್ದ. ನನಗೆ ಕೂಗು ಕೇಳಿದ್ದು ಆಮೇಲೆ. ನಾನು ಓಡಿ ಬರುವಷ್ಟರಲ್ಲಿ, ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ರೈತರೊಬ್ಬರು ಹೆಗಲ ಮೇಲಿನ ಟವೆಲ್ಲನ್ನು ಅವನ ಕೈಗೆ ಕೊಟ್ಟು ಎಳೆದುಕೊಂಡಿದ್ದರು. "ಬುದ್ಧಿ, ನೀರು ಬಿಟ್ಟಿರೋವಾಗ ಐಕಳನ್ನ ಈ ಏರಿ ಮ್ಯಾಲೆ ಕರ್ಕೊಂಬರ್ತಾರಾ?" ಎಂದರು. ಉತ್ತರವಿರಲಿಲ್ಲ.

ಆ ಹುಡುಗನಿಗೆ ಈಜು ಬರುತ್ತಿರಲಿಲ್ಲ. ನಾನು ಕೇಳಿರಲಿಲ್ಲ. ಮನೆಯವರಿಂದ ಒಪ್ಪಿಗೆ ಪಡೆದಿದ್ದೆ, ಆದರೆ ದಾರಿ ನಾಲೆಯ ಅಂಚಿನದು ಎಂದು ತಿಳಿಸಿರಲಿಲ್ಲ. ಸಂಜೆ ಅವನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವನ ತಾಯಿ ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ಕಾಫಿ ಮಾಡಿ ತಂದುಕೊಟ್ಟರು. ಲೋಟ ಹಿಡಿದ ಅವರ ಕೈ ನಡುಗುತ್ತಿತ್ತು. ಸೈಕಲ್ಲು ಮೂರು ದಿನದ ಮೇಲೆ ಕೆಳಗಿನ ತೂಬಿನ ಹತ್ತಿರ ಸಿಕ್ಕಿತು. ಆ ನಡುಗುವ ಕೈ ನನಗೆ ಇಂದಿಗೂ ಕಾಣುತ್ತದೆ.

ಒಳ್ಳೆಯ ಉದ್ದೇಶವೊಂದೇ ಸಾಲದು ಎಂದು ಗುರುಮಠದಲ್ಲಿ ನೀತಿಶಾಸ್ತ್ರದ ಪಾಠದಲ್ಲಿ ಓದಿದ್ದೆ. ಉದ್ದೇಶ ಒಳ್ಳೆಯದಿರಬೇಕು, ಮಾಡುವ ಕೆಲಸ ಒಳ್ಳೆಯದಿರಬೇಕು, ಸಂದರ್ಭವನ್ನೂ ತೂಗಿನೋಡಬೇಕು. ಸಂತ ತೋಮಸ್ ಅಕ್ವಿನಾಸರು ವಿವೇಕವನ್ನು ಉಳಿದ ನೈತಿಕ ಸದ್ಗುಣಗಳಿಗೆ ದಾರಿ ತೋರುವ ಗುಣವೆಂದು ಎಣಿಸಿದ್ದು ಇದಕ್ಕೇ. ಪುಸ್ತಕದಲ್ಲಿ ಓದಿದ್ದು ಏರಿಯ ಮೇಲೆ ಅರ್ಥವಾಯಿತು. ಅಂದಿನಿಂದ ಈ ನಿಯಮಗಳನ್ನು ಬಿಟ್ಟು ನಾನು ಹೊರಟಿಲ್ಲ:

ಒಂದು, ನಾಲೆಯಲ್ಲಿ ನೀರು ಹರಿಯುತ್ತಿದ್ದರೆ ಮಕ್ಕಳೊಡನೆ ದೊಡ್ಡ ನಾಲೆಯ ಏರಿ ಹತ್ತುವುದಿಲ್ಲ. ಗದ್ದೆಯ ಕಡೆಯ ಬಂಡಿದಾರಿಯೇ ನಮ್ಮ ದಾರಿ. ನೀರು ನಿಂತ ಕಾಲದಲ್ಲೂ ಏರಿಯ ಹೊರಮಗ್ಗುಲನ್ನು, ಎಂದರೆ ಗದ್ದೆಯ ಬದಿಯನ್ನು ಹಿಡಿಯಬೇಕು.

ಎರಡು, ಮಳೆ ಬಂದ ಮಾರನೆಯ ದಿನ ಜೇಡಿಮಣ್ಣಿನ ದಾರಿ ಬೇಡ. ಗರಸು ಬೇಗ ಆರುತ್ತದೆ, ಜೇಡಿ ಆರುವುದಿಲ್ಲ.

ಮೂರು, ಮುಂದೊಬ್ಬ ದೊಡ್ಡವರು, ಹಿಂದೊಬ್ಬ ದೊಡ್ಡವರು. ಹಿಂದಿನವರೇ ಮುಖ್ಯ. ಎಲ್ಲರಿಗಿಂತ ನಿಧಾನವಾದ ಮಗುವಿನ ವೇಗವೇ ಗುಂಪಿನ ವೇಗ.

ನಾಲ್ಕು, ಕಿರುಸೇತುವೆ, ತೂಬು, ರೈಲ್ವೆ ಗೇಟು, ದೊಡ್ಡ ರಸ್ತೆ ಬಂದಾಗ ಇಳಿದು ತಳ್ಳಬೇಕು.

ಐದು, ಯಾರಾದರೂ ನೀರಿಗೆ ಬಿದ್ದರೆ ಹಿಂದೆಯೇ ಧುಮುಕಬಾರದು. ಸಿಮೆಂಟು ಹಾಕಿದ ನಾಲೆಯ ಗೋಡೆ ಪಾಚಿಯಿಂದ ಜಾರುತ್ತದೆ. ಈಜು ಬಲ್ಲವನಿಗೂ ಹತ್ತಿ ಬರಲಾಗುವುದಿಲ್ಲ. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಸುದ್ದಿಯನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ಹಗ್ಗ, ಸೀರೆ, ಟವೆಲ್ಲು, ಕಬ್ಬಿನ ಜಲ್ಲೆ, ಕೈಗೆ ಸಿಕ್ಕಿದ್ದನ್ನು ದಡದಲ್ಲಿ ಮಲಗಿ ಚಾಚಿ. ನಾನು ಈಗ ಕ್ಯಾರಿಯರ್ ಮೇಲೆ ಹತ್ತು ಮೀಟರ್ ಹಗ್ಗವನ್ನೂ ಮುಚ್ಚಳ ಬಿಗಿದ ಖಾಲಿ ಐದು ಲೀಟರ್ ಕ್ಯಾನನ್ನೂ ಕಟ್ಟಿಕೊಂಡೇ ಹೊರಡುತ್ತೇನೆ. ಹಗ್ಗದ ತುದಿಗೆ ಕ್ಯಾನ್ ಕಟ್ಟಿ ಎಸೆದರೆ ಅದು ತೇಲುತ್ತದೆ, ಹಿಡಿದವನನ್ನು ತೇಲಿಸುತ್ತದೆ.

ಆರು, ಮಕ್ಕಳಿಗೆ ಈಜು ಕಲಿಸಿ. ನಾಲೆಯ ಸೀಮೆಯಲ್ಲಿ ಹುಟ್ಟಿದ ಮಗುವಿಗೆ ಇದು ಅಕ್ಷರದಷ್ಟೇ ಅಗತ್ಯ. ಹೆಣ್ಣುಮಕ್ಕಳಿಗೂ ಕಲಿಸಿ.

5. ಎಂಥ ಸೈಕಲ್ಲು ಬೇಕು?

ಹೊರದೇಶಗಳಲ್ಲಿ ಗರಸಿನ ದಾರಿಗೆಂದೇ ಮಾಡಿದ ಸೈಕಲ್ಲುಗಳು ಸಿಗುತ್ತವೆ. ಇಲ್ಲಿಯ ದೊಡ್ಡ ಅಂಗಡಿಗಳಿಗೂ ಬಂದಿವೆ, ಬೆಲೆ ಹತ್ತಾರು ಸಾವಿರ. ಅವುಗಳ ಗುಟ್ಟು ಏನು? ಟೈರು 35ರಿಂದ 45 ಮಿಲಿಮೀಟರ್ ಅಗಲ. ಈಗ ನಿಮ್ಮ ತಂದೆಯವರ ಹಳೆಯ ಕರಿ ಸೈಕಲ್ಲನ್ನು ನೋಡಿ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹೆಂಡತಿ ಮಕ್ಕಳು ಎಲ್ಲವನ್ನೂ ಹೊತ್ತ ಆ ಅಟ್ಲಾಸ್, ಹೀರೋ ಸೈಕಲ್ಲಿನ ಇಪ್ಪತ್ತೆಂಟು ಇಂಚಿನ ಚಕ್ರದ ಟೈರು ಒಂದೂವರೆ ಇಂಚು ಅಗಲ, ಎಂದರೆ ಸುಮಾರು 38 ಮಿಲಿಮೀಟರ್. ನಮ್ಮ ದಾರಿಗೆ ತಕ್ಕ ಸೈಕಲ್ಲು ನಮ್ಮ ಕೊಟ್ಟಿಗೆಯಲ್ಲೇ ಇತ್ತು. ಹೊಸದು ಕೊಳ್ಳುವ ಮುನ್ನ ಅದರ ಬ್ರೇಕು, ಚೈನು, ಬೇರಿಂಗು ಸರಿಮಾಡಿಸಿ ನೋಡಿ.

ಗರಸಿನಲ್ಲಿ ಗಾಳಿ ಕಲ್ಲಿನಂತೆ ಬಿಗಿಯಾಗಿರಬಾರದು. ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ಒಪ್ಪಬೇಕು. ತಿರುವಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದರೆ ಚಕ್ರ ಜಾರುತ್ತದೆ. ತಿರುವಿಗೆ ಮುಂಚೆಯೇ ಎರಡೂ ಬ್ರೇಕನ್ನು ಮೆಲ್ಲಗೆ ಹಿಡಿದು ವೇಗ ಇಳಿಸಿ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹತ್ತು ಮಾರು ಮುಂದೆ ಇರಲಿ. ಪಂಪು, ಒಂದು ಟ್ಯೂಬು, ಪಂಕ್ಚರ್ ಸಾಮಾನು ಇಲ್ಲದೆ ಹೊರಡಬೇಡಿ. ನೆಗ್ಗಿಲ ಮುಳ್ಳು ಮತ್ತು ಜಾಲಿಯ ಮುಳ್ಳು ಈ ದಾರಿಗಳ ಕಾವಲುಗಾರರು. ಟೈರಿನಿಂದ ಮುಳ್ಳು ಕೀಳದೆ ಟ್ಯೂಬು ಬದಲಿಸಿದರೆ ಅದೇ ಮುಳ್ಳು ಮತ್ತೆ ಚುಚ್ಚುತ್ತದೆ. ಪಾಪದ ಕಾರಣವನ್ನು ಕೀಳದೆ ಬರೀ ಪಾಪನಿವೇದನೆ ಮಾಡುವವರಿಗೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ.

6. ದಾರಿಯ ಮರ್ಯಾದೆ

ಈ ದಾರಿಗಳು ನಮ್ಮ ಆಟಕ್ಕೆ ಮಾಡಿದವಲ್ಲ. ರೈತನ ದುಡಿಮೆಯ ದಾರಿಗಳು. ಎದುರಿಗೆ ಎತ್ತಿನಗಾಡಿ ಬಂದರೆ ಇಳಿದು ಪಕ್ಕಕ್ಕೆ ನಿಲ್ಲಿ, ಗಂಟೆ ಬಾರಿಸಿ ಎತ್ತುಗಳನ್ನು ಬೆದರಿಸಬೇಡಿ. ಕಬ್ಬು ಹೇರಿದ ಟ್ರಾಕ್ಟರನ್ನು ಹಿಂದೆ ಹಾಕುವ ಸಾಹಸ ಬೇಡ. ಅದರ ಹೊರೆ ವಾಲುವುದು ಚಾಲಕನಿಗೂ ಕಾಣುವುದಿಲ್ಲ. ಕಣದ ಮೇಲೆ, ಬದುವಿನ ಮೇಲೆ ಓಡಿಸಬೇಡಿ. ಒಂದೇ ಒಂದು ಜಲ್ಲೆಯೆಂದು ಕೇಳದೆ ಮುರಿಯಬೇಡಿ. ಕೇಳಿದರೆ ಎರಡು ಕೊಡುತ್ತಾರೆ. ಆಲೆಮನೆಯ ಮುಂದೆ ಹೋಗುವಾಗ ಬಿಸಿಬೆಲ್ಲ ತಿಂದುಹೋಗಿ ಎಂದು ಕರೆಯುವ ಜನ ಇವರು. ಕುದಿಯುವ ಕೊಪ್ಪರಿಗೆಯ ಹತ್ತಿರ ಮಾತ್ರ ಮಕ್ಕಳನ್ನು ಬಿಡಬೇಡಿ.

ಒಮ್ಮೆ ಹಿರಿಯರೊಬ್ಬರು ನನ್ನನ್ನು ತಡೆದು, "ಯಾಕ್ ಸ್ವಾಮ್ಯೋರೆ, ಬಸ್ಸು ಸಿಗ್ಲಿಲ್ವಾ?" ಎಂದು ಕೇಳಿದರು. ಸುಮ್ಮನೆ ನೋಡಿಕೊಂಡು ಹೋಗಲು ಬಂದೆ ಎಂದೆ. "ನಮ್ಮ ಗದ್ದೇಲಿ ನೋಡಕ್ಕೆ ಏನೈತೆ?" ಎಂದು ನಕ್ಕರು. ಆಮೇಲೆ ಅರ್ಧ ಗಂಟೆ ಕೂರಿಸಿಕೊಂಡು ನೀರು ಬಿಡುವ ಸರದಿ, ಕಬ್ಬಿನ ಕಟಾವಿಗೆ ಆಳು ಸಿಗದಿರುವುದು, ಬೆಂಗಳೂರು ಸೇರಿದ ಮಗ, ಎಲ್ಲ ಹೇಳಿದರು. ಕಾರಿನಲ್ಲಿ ಹೋಗಿದ್ದರೆ ಅವರ ಮುಖವೂ ನನಗೆ ಕಾಣುತ್ತಿರಲಿಲ್ಲ. ಎಮ್ಮಾವುಸಿನ ದಾರಿಯಲ್ಲಿ ಪ್ರಭು ಇಬ್ಬರು ಶಿಷ್ಯರ ನಡಿಗೆಯ ವೇಗಕ್ಕೆ ತಮ್ಮ ವೇಗವನ್ನು ಹೊಂದಿಸಿಕೊಂಡರು. ಮಾತು ಹುಟ್ಟಬೇಕಾದರೆ ಆ ವೇಗ ಬೇಕು. ಸೈಕಲ್ಲಿನದು ಅದಕ್ಕೆ ಹತ್ತಿರದ ವೇಗ.

7. ಇದು ಕಾಲಹರಣವೇ?

ದುಡಿಯುವ ಜನಕ್ಕೆ ಇದೆಲ್ಲ ಯಾಕೆ ಎಂದು ಕೆಲವರು ಕೇಳಿಯಾರು. ಸಂತ ತೋಮಸರು ಆಟ ವಿನೋದಗಳ ಬಗೆಗೂ ಬರೆದಿದ್ದಾರೆ. ದಣಿದ ದೇಹಕ್ಕೆ ನಿದ್ದೆ ಹೇಗೋ ದಣಿದ ಮನಸ್ಸಿಗೆ ಸಂತೋಷದ ವಿಶ್ರಾಂತಿ ಹಾಗೆ ಎಂಬುದು ಅವರ ವಿಚಾರ. ಸಂತ ಯೋವಾನ್ನರ ಕುರಿತ ಹಳೆಯ ಕಥೆಯೊಂದನ್ನು ಅವರು ನೆನೆಯುತ್ತಾರೆ. ಬಿಲ್ಲನ್ನು ಸದಾ ಬಾಗಿಸಿಯೇ ಇಟ್ಟರೆ ಅದು ಮುರಿಯುತ್ತದೆ, ಮನಸ್ಸೂ ಹಾಗೆಯೇ. ಅಳತೆ ಮೀರಬಾರದು, ಸ್ಥಳ ಕಾಲ ನೋಡಬೇಕು, ಅಷ್ಟೆ.

ಇಂದು ನಮ್ಮ ಮಕ್ಕಳ ಬಿಲ್ಲು ಬಾಗಿಯೇ ಇದೆ. ಶಾಲೆ, ಟ್ಯೂಷನ್, ಉಳಿದ ಹೊತ್ತು ಅಂಗೈಯ ಮೊಬೈಲು. ತಂದೆಯೂ ಮಗನೂ ಒಂದೇ ಮನೆಯಲ್ಲಿದ್ದು ಬೇರೆ ಬೇರೆ ಪರದೆ ನೋಡುತ್ತಾರೆ. ಒಂದು ಬೆಳಗ್ಗೆ ಇಬ್ಬರೂ ಸೈಕಲ್ಲು ತಳ್ಳಿಕೊಂಡು ಏರು ಹತ್ತಿ, ಹುಣಸೆಮರದ ಕೆಳಗೆ ಒಂದೇ ಬಾಟಲಿಯ ನೀರು ಕುಡಿದರೆ, ಮನೆಯಲ್ಲಿ ವರ್ಷವೆಲ್ಲ ಆಡದ ಮಾತು ಅಲ್ಲಿ ಬರುತ್ತದೆ.

ಆರಂಭದಲ್ಲಿ ಹೇಳಿದ ಆ ತಂದೆ ಮತ್ತು ಮಗ ಮೊನ್ನೆ ಗಂಜಾಂ ಕಡೆ ಹೋಗಿ ಬಂದರಂತೆ. ತಾಯಿಯನ್ನೂ ಕರೆದಿದ್ದಾರೆ. ಅವರು ಸಂಗಮದವರೆಗೆ ಬಸ್ಸಿನಲ್ಲೋ ಆಟೋದಲ್ಲೋ ಬಂದು, ಬುತ್ತಿ ಹಿಡಿದು ಕಾಯುತ್ತಾರಂತೆ. ಹುಡುಗ ಈಜು ಕಲಿಯಲು ಸೇರಿದ್ದಾನೆ. ಏರಿಯ ಮೇಲೆ ಹೋಗಲು ತಾಯಿ ಇನ್ನೂ ಒಪ್ಪಿಲ್ಲ. ಅವರು ಒಪ್ಪುವವರೆಗೆ ಹೋಗಬೇಡ ಎಂದೇ ನಾನೂ ಹೇಳಿದ್ದೇನೆ.

ಮನೆಮಂದಿ ಕೂಡಿ ಮಾತನಾಡಲು:

1. ನಮ್ಮ ಮನೆಯಿಂದ ಐದು ಕಿಲೋಮೀಟರಿನೊಳಗೆ ಸದ್ದಿಲ್ಲದ ದಾರಿಗಳು ಯಾವುವು? ಅಜ್ಜ ಅಜ್ಜಿಯನ್ನು ಕೇಳಿ ಒಂದು ನಕ್ಷೆ ಬರೆಯೋಣ.

2. ಆ ದಾರಿಗಳಲ್ಲಿ ತಡೆಗೋಡೆಯಿಲ್ಲದ ನಾಲೆ, ಬಾವಿ, ತಿರುವು ಎಲ್ಲಿವೆ? ಅವುಗಳ ಬಗ್ಗೆ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆದಿದ್ದೇವೆಯೇ?

3. ನಮ್ಮ ಮನೆಯಲ್ಲಿ ಯಾರಿಗೆ ಈಜು ಬರುತ್ತದೆ, ಯಾರಿಗೆ ಬರುವುದಿಲ್ಲ?

4. ನಮ್ಮ ಒಳ್ಳೆಯ ಉದ್ದೇಶದಿಂದಲೇ ಇನ್ನೊಬ್ಬರಿಗೆ ಅಪಾಯ ತಂದದ್ದುಂಟೆ? ಅವರ ಮನೆಗೆ ಹೋಗಿ ಅದನ್ನು ಹೇಳಿದೆವೆ?

ಈ ವಾರದ ಅಭ್ಯಾಸ: ಮನೆಯ ಮೂಲೆಯಲ್ಲಿರುವ ಹಳೆಯ ಸೈಕಲ್ಲನ್ನು ಹೊರಗೆ ತೆಗೆದು ಒರೆಸಿ, ಗಾಳಿ ಹಾಕಿ. ಮುಂದಿನ ಭಾನುವಾರ ಬಲಿಪೂಜೆಗೆ ಅದರಲ್ಲೇ ಬನ್ನಿ. ದೇವಾಲಯದ ಅಂಗಳದ ಬೇವಿನ ಮರದ ಕೆಳಗೆ ನಿಲ್ಲಿಸಲು ಜಾಗ ಮಾಡಿಸಿದ್ದೇನೆ.